ವಾಡೆಗೊಂದು ಆಯೇರಿ

“ಬ್ಯಾಸಿಗ್ಯಾಗ ಕಂಬಳಿ ಹೊದಸ್ತೀರಿ? ನಾ ಏನ್ ಜಡ್ಡಾಗಿ ಬಿದ್ದೇನೇನು?” ಎಂದು ಹಳೆಯ ವಾಡೆಮನೆ ತಲೆಬಾಗಿಲಿಂದಲೇ ಗುಡುಗಿತು.

ರಕ್ಷಿತ ಕಟ್ಟಡಗಳು ತಾವಾಗಿ ಒಪ್ಪದೆ ಅವಕ್ಕೆ ಒಂದು ಮೊಳೆಯನ್ನೂ ಹೊಡೆಯುವಂತಿರಲಿಲ್ಲ. ಹಾಗಂತ ಕರೆಂಟು ನುಂಗುವ ವಾಡೆಗಳನ್ನು ಸರ್ಕಾರ ಸುಮ್ಮನೆ ಬಿಡುತ್ತಲೂ ಇರಲಿಲ್ಲ, ಖಾಲಿ ಮಾಡಿಸಿ ಬೀಗ ಜಡಿಯುತ್ತಿತ್ತು. ಇಂದು ಒಪ್ಪಿಗೆ ಸಿಗದಿದ್ದರೆ ಈ ವಾಡೆಯಲ್ಲಿ ವಾಸವಿದ್ದ ನೀಲಗಂಗವ್ವ ಗಂಟುಮೂಟೆ ಕಟ್ಟಬೇಕಿತ್ತು.

“ಬಿಸಿ ತಡಿಯೋ ಈ ಕಂಬಳಿ ಅಟ್ಟದಾಗ ಹಾಸಿದ್ರ ಬಿಸಲು ಒಳಗ ಇಳಿಯೂದಿಲ್ರೀ, ಎಸಿ ಬೇಕಾಗೂದಿಲ್ಲ,” ಎಂದು ವಿದ್ಯುತ್ ಇಲಾಖೆಯ ಮುನವಳ್ಳಿ ಸಾಹೇಬರು ಮತ್ತೆ ಮತ್ತೆ ಬಿಡಿಸಿ ಹೇಳಿದರು.

“ಒಲ್ಲೆ ಅಂದೆನಲ್ಲ!”

“ಸುಮ್ಕಿರ್ರಿ ಸಾಹೇಬ್ರ. ಹಿರೇರಿಗೆ ಹಂಗ ಹೇಳ್ತಾರೇನು?” ಎಂದ ನೀಲಗಂಗವ್ವ ಕಂಬಳಿಯ ಸುರುಳಿಗೆ ಅರಿಷಿಣ ಕುಂಕುಮ ಹಚ್ಚಿ, ಮೇಲೊಂದು ತೆಂಗಿನಕಾಯಿ ಇಟ್ಟು ಹೊಸ್ತಿಲಿಗೆ ಒಪ್ಪಿಸಿದಳು. “ಯವ್ವಾ, ಮೊಮ್ಮಗಳ ಮದುವಿ ಐತಿ. ಮನಿಗೆ ಹಿರೇಕಿ ಅಂತ ಮೊದಲನೇ ಆಯೇರಿ ನಿನಗ. ಒಲ್ಲೆ ಅಂದ್ರ ಬೀಗರು ಏನಂದಾರು?”

ಮದುವೆಯ ಉಡುಗೊರೆಯಾಗಿ ಬಂದ ಆಯೇರಿಯನ್ನು ತಿರುಗಿಸಿ ಕಳಿಸುವ ಎದೆ ಆ ಸೀಮೆಯ ಯಾವ ವಾಡೆಗೂ ಇರಲಿಲ್ಲ. ವಾಡೆ ಬಹಳ ಹೊತ್ತು ಕೆಮ್ಮಿತು.

“ಎದುರಿನ ವಾಡೆಗೆ ಎಂಥಾದ್ದು ಕೊಟ್ಟಾರ?”

“ಇದರಕಿಂತ ತೆಳ್ಳಂದು, ಯವ್ವಾ.”

ಮೇಲೆ ಅಟ್ಟದ ಕದ ತಾನಾಗಿಯೇ ತೆರೆದುಕೊಂಡು, ಏಣಿ ಮೆಲ್ಲಗೆ ಕೆಳಗಿಳಿಯಿತು.