ಟೊಮೆಟೊ ಎಂಬ ಪೋಲಿ ಮಾತು

ಫ್ರುಮೆಟ್‌ಳ ಬೆರಳು ಟೊಮೆಟೊ ರಾಶಿಯ ಮೇಲೆ ನಿಂತಿತ್ತು. ಅದರ ಹೆಸರನ್ನು ಮಾತ್ರ ಅವಳು ಹೇಳಲೊಲ್ಲಳು.

"ಬೆರಳು ತೋರ್ಸಿದ್ರೆ ತೂಗಲ್ಲಮ್ಮ. ಟೆಲ್ ಅವೀವ್‌ಗೆ ಬಂದ್ಮೇಲೆ ಹೀಬ್ರೂನಲ್ಲಿ ಬಾಯ್ಬಿಟ್ಟು ಕೇಳ್ಬೇಕು," ಎಂದಳು ತರಕಾರಿ ಮಾರುವ ಸಾದಾ. ಅವಳು ಯೆಮನ್‌ನಿಂದ ಬಂದವಳು, ಫ್ರುಮೆಟ್ ಪೋಲೆಂಡಿನಿಂದ. ಇಬ್ಬರಿಗೂ ತಿಳಿಯುವ ಭಾಷೆ ಅದೊಂದೇ. ಆದರೆ ಫ್ರುಮೆಟ್ ಆ ಪ್ರಾರ್ಥನೆಯ ಭಾಷೆಯಲ್ಲಿ ದೇವರನ್ನು ಬಿಟ್ಟು ಬೇರೆ ಯಾರನ್ನೂ ಏನನ್ನೂ ಕೇಳಿದವಳಲ್ಲ. ಅದೂ ಅಲ್ಲದೆ, ಟೊಮೆಟೊಗೆ ಇಲ್ಲಿನವರು ಹೊಸದಾಗಿ ಇಟ್ಟ ಹೆಸರು 'ಅಗ್ವಾನಿಯಾ'. ಅದರ ಧಾತುವಿನಲ್ಲೇ ಗಂಡುಹೆಣ್ಣಿನ ಮೋಹವಿದೆ, ಮರ್ಯಾದಸ್ಥ ಹೆಂಗಸು ಆಡುವ ಮಾತಲ್ಲ ಎಂದು ಗಂಡ ಫಿಶೆಲ್ ಕಟ್ಟುನಿಟ್ಟಾಗಿ ಹೇಳಿದ್ದ.

ಕೊನೆಗೆ ಅವಳು ಬಾಗಿ, ಸಾದಾಳ ಕಿವಿಯಲ್ಲಿ ತಡವರಿಸುತ್ತ ಆ ಅರ್ಥವನ್ನೇ ಉಸುರಿದಳು. ಸಾದಾಳ ಕೈಯಲ್ಲಿ ತಕ್ಕಡಿ ಕುಣಿಯಿತು. "ಅಯ್ಯಯ್ಯೋ! ದಿನಾ ಬೆಳಗ್ಗೆ ಬೀದಿಗೆಲ್ಲ ಕೇಳೋ ಹಾಗೆ ನಾನು ಕೂಗೋದು ಇದನ್ನೇನಾ?" ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಸರಿ, ಎಷ್ಟು ಮೋಹ ತೂಗ್ಲಿ ಹೇಳು. ನಿನ್ನ ವಯಸ್ಸಿಗೆ ಅರ್ಧ ರಾತ್ಲು ಸಾಕಲ್ವಾ?"

"ಪೂರ್ತಿ ತೂಗೇ. ಮನೇಲಿ ಗಂಡ ಇದ್ದಾನೆ!" ಎಂದುಬಿಟ್ಟಳು ಫ್ರುಮೆಟ್, ಹೀಬ್ರೂನಲ್ಲೇ. ಅಂದಮೇಲೆ ತಾನೇ ಬೆರಗಾಗಿ ಬಾಯಿ ಮುಚ್ಚಿಕೊಂಡಳು.

ಮನೆಯಲ್ಲಿ ಟೊಮೆಟೊ ಹೆಚ್ಚುವಾಗ ಮತ್ತೆ ನಗು ಉಕ್ಕಿತು. "ಏನೇ ಅದು, ಒಬ್ಬಳೇ ನಗ್ತಿದ್ದೀಯ?" ಎಂದು ಫಿಶೆಲ್ ಮನೆಮಾತಾದ ಯಿಡ್ಡಿಷ್‌ನಲ್ಲಿ ಕೇಳಿದ. ಅದೇ ಭಾಷೆಯಲ್ಲಿ ಹೇಳಲು ಅವಳು ಬಾಯಿ ತೆರೆದಳು, ಮತ್ತೆ ಹೆಚ್ಚತೊಡಗಿದಳು. ಹುಟ್ಟಿದಾಗಿನಿಂದ ಆಡಿದ ಆ ಭಾಷೆಯಲ್ಲಿ ಟೊಮೆಟೊದ ಹೆಸರಿನಲ್ಲಿ ಮೋಹವಿರಲಿಲ್ಲ, ಅದು ಬರೀ ತರಕಾರಿಯಾಗಿತ್ತು.