ಅಪ್ಪನ ಗಿಟಾರಿನ ಸ್ಕ್ರೂ

ಮೀಸೆಯ ಕೈ ಮೇಲಿಂದ ಅಣ್ಣ ಕಣ್ಣು ತೆಗೀಲೇ ಇಲ್ಲ. ಮೀಸೆ ಅಂದ್ರೆ ಗಿಟಾರ್ ರಿಪೇರಿಯವನು. ಅವನ ಮೀಸೆ ಎಷ್ಟು ದೊಡ್ಡದು ಅಂದ್ರೆ, ತಂತಿ ಬೆಸೆಯುವಾಗ ಬೆಂಕಿ ತಾಗಬಾರದು ಅಂತ ಎರಡೂ ತುದೀನ ಕಿವಿ ಹಿಂದೆ ಸಿಕ್ಕಿಸಿಕೊಳ್ತಿದ್ದ. ತಂತಿಯ ಸದ್ದು ಹಿಡಿಯೋ ಹೊಸ ಪಿಕಪ್ಪಿನ ಸೀಲನ್ನ ಅಣ್ಣನೇ ಒಡೆದ, ಅಣ್ಣನೇ ಎತ್ತಿ ಕೊಟ್ಟ. ಬಿಟ್ರೆ ಇಂಥವರು ಡೂಪ್ಲಿಕೇಟ್ ತುರುಕಿಬಿಡ್ತಾರೆ ಅಂತ ಅವನಿಗೆ ಗುಮಾನಿ.

"ಹಳೇ ಪಿಕಪ್ ಏನ್ಮಾಡ್ಲಿ ಸಾರ್?"

"ಯಾವಾಗ ನೋಡಿದ್ರೂ ಗುಂಯ್ ಅಂತಿರುತ್ತೆ ದರಿದ್ರದ್ದು. ಬಿಸಾಕು."

ಗಿಟಾರು ಅಣ್ಣ-ತಂಗಿಯ ಅಪ್ಪಂದು. ಅಪ್ಪ ಬ್ಯಾಂಡಲ್ಲಿ ನುಡಿಸ್ತಿದ್ದ. ಅವನು ಒಂದು ತಂತಿ ಮೀಟಿದ್ರೆ ಮೂರು ಬೀದಿ ಆಚೆ ಕುಕ್ಕರು ಗಾಬರಿಯಾಗಿ ಸೀಟಿ ಹಾಕೋದು, ಗೋಡೆ ಮೇಲಿನ ಹಲ್ಲಿ ಬಾಲ ಬಿಟ್ಟು ಓಡೋದು. ಸುಳ್ಳು ಅನ್ನೋರು ಆ ಹಲ್ಲೀನೇ ಕೇಳ್ಕೊಳ್ಳಲಿ. ನುಡಿಸ್ತಾ ನುಡಿಸ್ತಾ, ಉರೀತಿರೋ ಸಿಗರೇಟನ್ನ ಗಿಟಾರಿನ ತಲೆ ಹತ್ರ ತಂತಿ ಸಂದೀಲಿ ಸಿಕ್ಕಿಸಿ ಮರೆತುಬಿಡೋನು. ಕೊನೆಗೆ ಆ ಸಿಗರೇಟೇ ಅವನನ್ನ ಕರ್ಕೊಂಡು ಹೋಯ್ತು.

ಬ್ಯಾಂಡಿನ ಯಜಮಾನ್ರು ಸಾವಿನ ಮನೇಲೇ ಹೇಳಿದ್ರು. "ನಂಗೆ ನಿಮ್ಮಪ್ಪನ ಆ ಸೌಂಡು ಬೇಕು. ಮಕ್ಕಳಲ್ಲಿ ಯಾರು ತಂದ್ರೂ ಸರಿ, ಅವನ ಜಾಗ ಅವರಿಗೆ."

ಅಪ್ಪ ಇಬ್ಬರಿಗೂ ಕಲಿಸಿದ್ದ. ತಂಗಿಯ ಬೆರಳು ಚುರುಕು, ಅಣ್ಣನ ಬಾಯಿ ಚುರುಕು. ಹಾಗಾಗಿ ಗಿಟಾರು ಅಣ್ಣನ ಪಾಲಾಯ್ತು.

"ವಾರಕ್ಕೊಂದಿನ ನಂಗೂ ಕೊಡೋ. ನಂಗೂ ಅವನು ಅಪ್ಪಾನೇ ಅಲ್ವಾ?" ಅಂದ್ಲು ತಂಗಿ.

"ಅದರ ಒಂದು ಸ್ಕ್ರೂ ಕೂಡ ನಿಂಗಿಲ್ಲ ಕಣೇ. ಬೇಕಾದ್ರೆ ಪೆಟ್ಟಿಗೆ ತಗೊಂಡ್ಹೋಗು, ಬಟ್ಟೆ ಇಟ್ಕೊಳ್ಳೋಕಾಗುತ್ತೆ. ನಾನು ಹೊಸ ಬ್ಯಾಗ್ ತಗೊಂಡಿದೀನಿ."

ತಂಗಿ ಆ ಗಿಟಾರ್ ಪೆಟ್ಟಿಗೇಲೇ ಬಟ್ಟೆ ತುಂಬ್ಕೊಂಡು ಹೊರಟ್ಲು. ಒಂದು ಲಾಂಡ್ರೀಲಿ ಇಸ್ತ್ರಿ ಕೆಲಸಕ್ಕೆ ಸೇರಿ, ಅದರ ಮೇಲಿನ ರೂಮಲ್ಲೇ ಉಳ್ಕೊಂಡ್ಲು.

ಇತ್ತ ಗಿಟಾರು ಅಣ್ಣನ ಕೈಲಿ ಬಾಯೇ ಬಿಡ್ತಿಲ್ಲ. ತಪ್ಪು ಬೆರಳಿಂದು ಅಂತ ಯಾವ ಗಂಡಸು ತಾನೇ ಒಪ್ಕೊಳ್ತಾನೆ? ಪಿಕಪ್ ಬದಲಾಯಿಸಿದ. ಆಗಲಿಲ್ಲ. ತಂತಿ ಬಿಗಿಯೋ ಕೀಗಳು ಹೋದವು. ತಂತಿಗಳು ಕೂರೋ, ಅಪ್ಪನ ಬೆವರಿಗೆ ತುಕ್ಕು ಹಿಡಿದಿದ್ದ ಬ್ರಿಡ್ಜ್ ಹೋಯ್ತು. ತಲೇಲಿ ಸಿಗರೇಟು ಸುಟ್ಟ ಕಲೆ ಇದೆ, ಸ್ಟೇಜ್ ಮೇಲೆ ಅಸಹ್ಯ ಅಂತ ತಲೆ ಸಮೇತ ಇಡೀ ಕತ್ತೇ ಹೋಯ್ತು. ಜೊತೆಗೆ ಚರ್ಮದ ಪಟ್ಟಿ, ಚಿನ್ನದ ಬಣ್ಣದ ಗುಂಡಿಗಳು, ಕಾಲಲ್ಲಿ ಒತ್ತೋ ಪೆಡಲ್ಲುಗಳು ಹೊಸದಾಗಿ ಬಂದವು. ಮೀಸೆ ಪ್ರತಿ ಸಲ ಒಂದೇ ಮಾತು ಹೇಳೋನು.

"ಇನ್ನೊಂದು ಬದಲಾಯಿಸಿ ಸಾರ್. ನಿಮ್ಮಪ್ಪನ ಸೌಂಡು ಬಂದೇ ಬರುತ್ತೆ."

ಒಂದು ದಿನ ಅಣ್ಣ ಬರ್ತಿರುವಾಗ ಮೀಸೆಯ ಅಂಗಡಿಯಿಂದ ತಂಗಿ ಇಳಿದು ಹೋದ್ಲು. ಸೆರಗು ಬಿಗಿಯಾಗಿ ಹೊದ್ದಿದ್ಲು, ಮುಖದಲ್ಲಿ ಎಂದೂ ಇಲ್ಲದ ಕಳೆ. ಪಕ್ಕದ ಚಹಾದಂಗಡಿಯವನು ಹಲ್ಲು ಕಿರಿದ. "ಇವತ್ತೊಂದೇ ದಿನ ಅಲ್ಲ, ಆಗಾಗ ಬರ್ತಾರೆ."

ಅಣ್ಣನಿಗೆ ಎಲ್ಲಾ ಅರ್ಥ ಆಗೋಯ್ತು.

"ನನ್ ತಂಗಿಗೆ ಇಲ್ಲೇನೋ ಕೆಲಸ?"

ಮೀಸೆ ಕಿವಿವರೆಗೂ ಕೆಂಪಾದ. "ಅವರು ಹೊಸದೇನೂ ಕೇಳಲ್ಲ ಸಾರ್. ಇರೋದ್ರಲ್ಲೇ ಖುಷಿ ಪಡ್ತಾರೆ."

"ಏನು, ನಮ್ಮನೆ ಅಳಿಯ ಆಗೋ ಆಸೇನಾ?"

"ನನ್ನ ಯಾರು ಒಪ್ತಾರೆ ಸಾರ್? ಅದು ಬಿಡಿ, ಈ ಬಾಡಿ ಒಂದು ಬದಲಾಯಿಸಿ. ಅಲ್ಲಿಗೆ ಎಲ್ಲಾ ಪೂರ್ತಿ ಆಗುತ್ತೆ."

ಅಣ್ಣ ಜಗಳ ಆಡಲಿಲ್ಲ, ಬಿದ್ದು ಬಿದ್ದು ನಕ್ಕ. ಅಂಥ ಮೀಸೆಗೆ ಇಸ್ತ್ರಿ ಹಾಕೋಕೆ ಒಬ್ಬಳು ಬೇಕೇ ಬೇಕಲ್ಲ ಅಂತ ಬೀದಿಗೆಲ್ಲಾ ಹೇಳ್ಕೊಂಡು ಬಂದ. ಬಾಡೀನೂ ಬದಲಾಯ್ತು. ಹಳೇದ್ರಲ್ಲಿ ಅಪ್ಪನ ಮೊಣಕೈ ಉಜ್ಜಿ ಉಜ್ಜಿ ಬಣ್ಣ ಹೋಗಿ ಮರ ಕಾಣ್ತಿತ್ತು. ಹೊಸದು ಕನ್ನಡಿ ಥರ ಹೊಳೀತಿತ್ತು, ಅಣ್ಣ ಅದರಲ್ಲೇ ತಲೆ ಬಾಚ್ಕೊಂಡ.

ಯಜಮಾನ್ರು ಕರೆದ ದಿನ ಬ್ಯಾಂಡಿನವರೆಲ್ಲ ರಿಹರ್ಸಲ್ ಹಾಲಲ್ಲಿ ಕೂತಿದ್ರು. ಅಣ್ಣ ನುಡಿಸಿದ. ಫೋನಲ್ಲಿ 'ದಯವಿಟ್ಟು ಕಾಯಿರಿ' ಅಂದಾಗ ಬರುತ್ತಲ್ಲ, ಅಂಥ ಸೌಂಡು. ಗೋಡೆ ಮೇಲಿನ ಹಲ್ಲಿ ನಿದ್ದೆ ಹೋಯ್ತು.

"ಗಿಟಾರು ಚೆನ್ನಾಗಿದೆ. ಯಾರದು?" ಅಂದ್ರು ಯಜಮಾನ್ರು.

"ಅಪ್ಪಂದೇ."

ಯಜಮಾನ್ರು ಹತ್ರ ಬಂದು ತಲೆಯಿಂದ ಬುಡದವರೆಗೂ ಬೆರಳಾಡಿಸಿದ್ರು. "ಇದರಲ್ಲಿ ಅವನದ್ದು ಯಾವುದಪ್ಪಾ?"

ಅಣ್ಣ ಬಾಯಿ ತೆರೆದ. ಹುಟ್ಟಿದಾಗಿನಿಂದ ಮೊದಲನೇ ಸಲ ಆ ಬಾಯಿಂದ ಏನೂ ಹೊರಡಲಿಲ್ಲ.

ಅಷ್ಟರಲ್ಲಿ ತಂಗಿ ಒಳಗೆ ಬಂದ್ಲು. ಕೈಯಲ್ಲಿ ಅದೇ ಹಳೇ ಪೆಟ್ಟಿಗೆ.

ಅಣ್ಣನಿಗೆ ಮಾತು ವಾಪಸ್ ಬಂತು. "ಬಟ್ಟೆ ಗಂಟು ಇಲ್ಲಿಗೂ ತಂದ್ಯಾ? ಇಲ್ಯಾರೂ ಇಸ್ತ್ರಿಗೆ ಕಾಯ್ತಿಲ್ಲ ಕಣೇ."

ಒಬ್ಬಿಬ್ಬರು ನಕ್ಕರು. ತಂಗಿ ಅವನ ಕಡೆ ನೋಡಲಿಲ್ಲ. ಎಲ್ಲರಿಗೂ ಬೆನ್ನು ಹಾಕಿ ಕೂತು ಪೆಟ್ಟಿಗೆ ತೆರೆದ್ಲು, ಒಳಗಿದ್ದದ್ದನ್ನ ಮಡಿಲಿಗೆ ಎಳ್ಕೊಂಡ್ಲು, ವೈರು ಚುಚ್ಚಿದ್ಲು.

ಮೊದಲು ಗುಂಯ್ ಅಂತು. ಆಮೇಲೆ ಒಂದೇ ಒಂದು ತಂತಿ. ಹಲ್ಲಿ ಬಾಲ ಬಿಟ್ಟು ಓಡಿತು, ಎಲ್ಲೋ ದೂರದಲ್ಲಿ ಕುಕ್ಕರು ಸೀಟಿ ಹಾಕ್ತು. ಯಜಮಾನ್ರು ಕಣ್ಣು ಮುಚ್ಕೊಂಡು, ಅಪ್ಪನ ಖಾಲಿ ಕುರ್ಚೀನ ತಾವೇ ಮುಂದಕ್ಕೆ ತಳ್ಳಿದ್ರು.

ಕುರ್ಚೀಲಿ ಕೂರೋಕೆ ಅಂತ ಅವಳು ಈ ಕಡೆ ತಿರುಗಿದಾಗ, ಗಿಟಾರಿನ ತಲೇಲಿ ಸಿಗರೇಟು ಸುಟ್ಟ ಕಲೆ ಇತ್ತು. ಒಂದು ಸ್ಕ್ರೂ ಕೂಡ ಕಮ್ಮಿ ಇರಲಿಲ್ಲ.