ಮೀನಿನ ಗುರುತು

ಹಳೇ ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚಿದ ಅರಾಬಾಳ ಕೈ ಅಲ್ಲೇ ನಿಂತುಬಿಟ್ಟಿತು. ಒಳಗಿದ್ದ ಎರಡು ಜಿಬಿ ಮೆಮೊರಿಯ ಮೇಲೆ ಮಾರ್ಕರಿನಲ್ಲಿ ಎಳೆದ ಒಂದೇ ಗೆರೆಯ ಮೀನು. ಕೇಪ್ ಕೋಸ್ಟ್ ಊರಿನ ರಿಪೇರಿ ಅಂಗಡಿ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಗುರುತು; ಕೆಟ್ಟರೆ ತನ್ನಿ, ನಾನಿಲ್ಲೇ ಇರ್ತೀನಿ ಅಂತ ಅದರರ್ಥ. ಮೀನು ಅವಳ ಗಂಡ ಎಬೋನದು. ಅವನು ತೀರಿಕೊಂಡು ನಾಲ್ಕು ವರ್ಷ.

"ನಾಲ್ಕು ಜಿಬಿ ಹಾಕ್ಲಾ, ಎಂಟು ಹಾಕ್ಲಾ ಮೇಷ್ಟ್ರೇ?" ಎದುರಿಗಿದ್ದ ಅಮಿಸ್ಸಾ ಮೇಷ್ಟ್ರನ್ನು ಕೇಳಿದಳು.

"ಎಂಟೇ ಹಾಕಮ್ಮ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಇದು ಆನ್ ಆಗೋದ್ರೊಳಗೆ ನಾನು ಜೋಳದ ಕೆಂಕೆ ಉಂಡೆ ತಿಂದು ಕೈ ತೊಳ್ಕೊಂಡಿರ್ತೀನಿ. ಆ ಹಳೇದನ್ನ ಬಿಸಾಕು."

ಹಳೆಯದನ್ನು ಅವಳು ಮೆಲ್ಲಗೆ ರವಿಕೆಯೊಳಗೆ ಸೇರಿಸಿದಳು. ಹೊಸದನ್ನು ಕೂರಿಸುವ ಮುಂಚೆ ಮಾರ್ಕರ್ ಎತ್ತಿಕೊಂಡಳು. ತನ್ನ ಗುರುತಾದ ನಕ್ಷತ್ರ ಬರೆಯಬೇಕಿದ್ದ ಕೈ ಮೀನು ಬರೆದುಬಿಟ್ಟಿತ್ತು.

ಮೇಷ್ಟ್ರು ಬಗ್ಗಿ ನೋಡಿದರು. "ಅಂಗಡಿ ಬೋರ್ಡಲ್ಲಿ ನಕ್ಷತ್ರ, ಇಲ್ಲಿ ಮೀನು! ನಾಳೆ ಕೆಟ್ರೆ ಬಂದು ಯಾರನ್ನ ಕೇಳ್ಲಿ?"

ಅಳಿಸಲೆಂದು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಕೈಯಲ್ಲೇ ಇತ್ತು. ಅರಾಬಾ ಅದನ್ನು ಕೆಳಗಿಟ್ಟಳು.

"ಎಬೋ ಇದಾನಾ ಅಂತ ಕೇಳಿ ಮೇಷ್ಟ್ರೇ," ಅಂದಳು. "ಯಾರೂ ಹಾಗೆ ಕೇಳ್ಕೊಂಡು ಬಂದು ತುಂಬಾ ದಿನ ಆಯ್ತು."